ಬಾಯಿಸಾಹೇಬರ ಹೊಸ ಡ್ರೈವರ್

ಸೀಟು ಮತ್ತೆ ಮುಂದಕ್ಕೆ ಸರಿದಿತ್ತು. ಭೀಮರಾಯ ಕೂತವನೇ ಮೊಣಕಾಲಿಗೆ ಸ್ಟೀರಿಂಗ್ ಬಡಿಸಿಕೊಂಡು ಬೈದ. ಗುರುವಾರ ಬಂತೆಂದರೆ ದೇಸಾಯರ ವಾಡೆಯವರು ಅವನನ್ನು ಸಾಮಾನು ತರಲು ಬಸ್ಸಿನಲ್ಲಿ ಯಾದಗಿರಿಗೆ ಅಟ್ಟುತ್ತಿದ್ದರು. ಅವನು ಅತ್ತ ಹೋದದ್ದೇ ತಡ, ಇತ್ತ ಯಾರೋ ಮೋಟಾರು ಹೊರತೆಗೆಯುತ್ತಿದ್ದರು. ಟೈರಿಗೆ ಬೋನಾಳ ಕೆರೆಯ ಕಡೆಯ ಕೆಸರು ಅಂಟಿರುತ್ತಿತ್ತು.

ಅದು ಸುರಪುರದ ದೇಸಾಯರ ಎಂಟು ಸಿಲಿಂಡರಿನ ಅಮೇರಿಕದ ಮೋಟಾರು. ಕಾಲು ತುಸು ಜೋರಾಗಿ ಒತ್ತಿದರೆ ಹೇಳದೆ ಕೇಳದೆ ಹಾರುವ ಗಾಡಿ. ಅದನ್ನು ಹಿಡಿಯುವ ಕೈ ಈ ಸೀಮೆಯಲ್ಲಿ ತನ್ನದೊಂದೇ ಎಂದು ಭೀಮರಾಯನಿಗೆ ಜಂಬ. ಕ್ಲೀನರ್ ಮೆಹಬೂಬ, ಆರಡಿ ಆಳು, ಎಷ್ಟು ವರ್ಷ ಗಾಡಿ ತೊಳೆದರೂ ಅವನಿಗೆ ಗೇರು ಮುಟ್ಟಲು ಬಿಟ್ಟಿರಲಿಲ್ಲ. ಕಲಿಸಿದರೆ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ.

ಹೈದರಾಬಾದ್ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದ ವರ್ಷ. ದೇಸಾಯರ ಹೆಂಡತಿ, ಬಾಯಿಸಾಹೇಬರು ಪಾರ್ವತಿಬಾಯಿ, ಮೋಟಾರಿನ ಪರದೆಯ ಹಿಂದಿನಿಂದ ಹೇಳಿಬಿಟ್ಟಿದ್ದರು: “ಈ ಪರದ್ಯಾಗ ಉಸಿರು ಕಟ್ಟತದ, ಭೀಮರಾಯ. ಮುಂದಿನ ತಿಂಗಳು ಬ್ಯಾರೆ ಡ್ರೈವರ್ ಇಡತೀವಿ.”

ಸಂಜೆ ಊಟಕ್ಕೆ ಕೂತವನೇ ಭೀಮರಾಯ ಸಿಡುಕಿದ:

“ಮೆಹಬೂಬ ಬೆನ್ನಿಗೆ ಚೂರಿ ಹಾಕ್ಯಾನ. ಕದ್ದು ನೋಡಿ ಕಲ್ತಾನ.”

ಅವನ ಹೆಂಡತಿ ಶೇಖಮ್ಮ ವಾಡೆಯಲ್ಲಿ ಬಾಯಿಸಾಹೇಬರ ತಲೆ ಬಾಚುವವಳು. ರೊಟ್ಟಿ ಬಡಿಯುತ್ತ ಕೇಳಿದಳು: “ಅಷ್ಟು ಸಸಾರ ಏನ್ರಿ ಅದು? ಏರಿನ್ಯಾಗ ನಿಂತ ಗಾಡಿ ಹಿಂದ ಜಾರಂಗಿಲ್ಲೇನು?”

ಸಿಟ್ಟಿನಲ್ಲೂ ಭೀಮರಾಯನಿಗೆ ಹುರುಪು ಬಂತು. ತಾಟು ಬದಿಗಿಟ್ಟು, ಕ್ಲಚ್ಚು ಎಷ್ಟು ಬಿಡಬೇಕು, ಹ್ಯಾಂಡ್ ಬ್ರೇಕು ಯಾವಾಗ ಇಳಿಸಬೇಕು ಎಂದು ನೆಲದ ಮೇಲೆ ಕಾಲಾಡಿಸಿ ತೋರಿಸಿದ. ಇವಳೊಬ್ಬಳಾದರೂ ತನ್ನ ಕಡೆ ಇದ್ದಾಳಲ್ಲ ಎಂದು ಸಮಾಧಾನವಾಯಿತು.

ಮರು ಗುರುವಾರ ಅವನು ಯಾದಗಿರಿ ಮುಟ್ಟಲೇ ಇಲ್ಲ. ಲೈಸೆನ್ಸ್ ಪರೀಕ್ಷೆ ಮಾಡುವ ಸಾಹೇಬರು ಶಹಾಪುರಕ್ಕೆ ಬಂದಿದ್ದಾರೆಂದು ದಾರಿಯಲ್ಲಿ ಕೇಳಿ, ಮೆಹಬೂಬನೂ ಅಲ್ಲಿಗೇ ಬಂದಿರಬೇಕೆಂದು ಅಲ್ಲೇ ಬಸ್ಸಿಳಿದ. ಮೈದಾನದಲ್ಲಿ ಅವನದೇ ಗಾಡಿ ತಿರುಗುತ್ತಿತ್ತು. ಬಿಸಿಲು ಗಾಜಿಗೆ ಬಡಿದು ಒಳಗಿನವರ ಮುಖ ಕಾಣಲಿಲ್ಲ. ಗಾಡಿ ಏರಿನಲ್ಲಿ ನಿಂತಿತು, ಎಳ್ಳಷ್ಟೂ ಜಾರದೆ ಮುಂದಕ್ಕೆ ಹೊರಟಿತು. ಅದು ತನ್ನದೇ ಕಾಲಿನ ಹದ.

“ಮೆಹಬೂಬ, ಇಳಿಯಲೇ ಕೆಳಗ,” ಎಂದು ಓಡಹೊರಟವನ ರಟ್ಟೆಯನ್ನು ಹಿಂದಿನಿಂದ ಯಾರೋ ಹಿಡಿದರು.

“ನಾ ಇಲ್ಲಿದ್ದೀನ್ರಿ, ಉಸ್ತಾದ್,” ಎಂದ ಮೆಹಬೂಬ. “ಮುಂದ ಹೋಗಬ್ಯಾಡ್ರಿ. ನಿಮ್ಮ ಕೈಲೆ ನೋಡಾಕ ಆಗಂಗಿಲ್ಲ.”

ಭೀಮರಾಯ ನಿಂತಲ್ಲೇ ನಿಂತ. ಸಾಹೇಬರು ಗಾಡಿಯಿಂದಿಳಿದರು. ಮೈಸೂರು ಕಡೆಯವರು.

“ಪಾಸು. ಇಷ್ಟು ಚೆನ್ನಾಗಿ ಕಲಿಸಿದ್ದು ಯಾರು? ಹೆಸರು ಹೇಳಿ.”

ಒಳಗಿನಿಂದ ಉತ್ತರವಿಲ್ಲ. ಕದ್ದ ವಿದ್ಯೆ, ಹೆಸರು ಹೇಳಲು ಬಾಯಿ ಎಲ್ಲಿಂದ ಬರಬೇಕು ಎಂದುಕೊಂಡ ಭೀಮರಾಯ. ಸಾಹೇಬರು ಮತ್ತೆ ಕೇಳಿದರು.

“ಗಂಡನ ಹೆಸರು ಬಾಯಿಲೆ ಹೆಂಗ ಹೇಳ್ಲಿರಿ,” ಎಂದು ಶೇಖಮ್ಮ ಸೆರಗು ಎಳೆದುಕೊಂಡಳು.