ಪ್ರತಿ ನಾಲ್ಕನೇ ಶುಕ್ರವಾರ

"ಬಸಿರು ತಡೆಯೋ ಉಂಗುರ ಒಗ್ಗಿದೆಯೇನಮ್ಮ? ಸಮಾಧಾನ ಇದೆಯಾ?" ಫಾರಂ ತುಂಬುತ್ತ ನರ್ಸ್ ಕೇಳಿದಳು.

"ತುಂಬಾನೇ ಇದೆ ಸಿಸ್ಟರ್. ದಿನಾ ಮಾತ್ರೆ ನುಂಗೋ ಕಷ್ಟ ಇಲ್ಲ. ಮೂರು ವಾರ ಒಳಗಿಟ್ಕೊಂಡು, ಒಂದು ವಾರ ತೆಗೆದಿಟ್ಟು ಮುಟ್ಟು ಮುಗಿಸ್ಕೊಂಡು ಹೊಸದು ಹಾಕ್ಕೊಂಡ್ರಾಯ್ತು. ಮನೇಲಿ ಒಬ್ರಿಗೂ ಗೊತ್ತಾಗಲ್ಲ."

ಎರಡು ಹೆಣ್ಣಾದ ಮೇಲೂ ಗಂಡು ಬೇಕೇ ಬೇಕೆಂದು ಹಟ ಹಿಡಿದಿದ್ದ ಗಂಡನಿಗೆ ಗೊತ್ತಾದರೆ ಏನಾಗುತ್ತದೆಂದು ಅವಳು ಹೇಳಲಿಲ್ಲ. ತೋಳಿನ ಮೇಲಿದ್ದ ಬೆಲ್ಟಿನ ಬಾಸುಂಡೆಯ ಮೇಲೆ ಸೆರಗು ಎಳೆದುಕೊಂಡಳು.

ಮನೆಗೆ ಬಂದಾಗ ಅತ್ತೆ ಗೋಡೆಯ ಕ್ಯಾಲೆಂಡರ್ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೊಸೆ ಹೊರಗಾದರೆ ಅಡುಗೆಮನೆ, ದೇವರಮನೆ ಎರಡೂ ಅವರ ಪಾಲಿಗೆ ಬರುತ್ತಿದ್ದವು. ಹಾಗಾಗಿ ಅವಳು ಮುಟ್ಟಾದ ತಾರೀಖಿಗೆಲ್ಲ ಚುಕ್ಕೆ ಇಡುವುದು ಅವರ ರೂಢಿ.

"ಬಾಗಿಲು ಹಾಕು."

ಹಾಕಿದಳು.

"ಮದುವೆ ಆದಾಗಿಂದ ನಿಂದು ಒಂದ್ ತಿಂಗಳು ಹಿಂದೆ, ಒಂದ್ ತಿಂಗಳು ಮುಂದೆ. ಈಗ ಎಂಟು ಸಲದಿಂದ ನೋಡು, ನಾಲ್ಕು ವಾರಕ್ಕೊಂದ್ಸಲ, ಸರಿಯಾಗಿ ಶುಕ್ರವಾರವೇ. ಯಾವ ಹೆಂಗಸಿನ ಮೈಯೂ ಹೀಗೆ ವಾರ ನೋಡ್ಕೊಂಡು ಮುಟ್ಟಾಗಲ್ಲ."

"ಅತ್ತೆ, ಅದು..."

"ಏನೋ ಒಂದು ಮಾಡ್ಕೊಂಡಿದೀಯ."

ಅವಳು ತಲೆ ತಗ್ಗಿಸಿದಳು. ಹೊರಗೆ ಗಂಡನ ಬೈಕು ಬಂದು ನಿಂತ ಸದ್ದಾಯಿತು.

ಅತ್ತೆ ಎದ್ದು ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು. ಅವಳ ಹತ್ತಿರ ಬಂದು ದನಿ ತಗ್ಗಿಸಿದರು.

"ಈ ಸಲ ಭಾನುವಾರ ಆಗು. ನಿನ್ನೆ ನನ್ನ ಮಗ ಈ ಚುಕ್ಕೆಗಳ್ನ ಎಣಿಸ್ತಾ ನಿಂತಿದ್ದ."