ಬಾಳವ್ವನ ಎಡಗಾಲು

ಇದನ್ನು ಹತ್ತು ಜನರಿಗೆ ಫಾರ್ವರ್ಡ್ ಮಾಡಿದರೆ ಸಂಜೆಯೊಳಗೆ ಶುಭ ಸುದ್ದಿ ಬರುತ್ತದೆ ಎಂದೆಲ್ಲ ಹೇಳುವುದಿಲ್ಲ...

ಯಾಕೆಂದರೆ ಕಥೆಯೇ ಒಬ್ಬ ಫಾರ್ವರ್ಡ್ ಆಟಗಾರ್ತಿಯದು. ಹೆಸರು ಬಾಳವ್ವ. ಊರು ಬೆಳಗಾವಿ. ಆಟ ಫುಟ್‌ಬಾಲ್.

ಅಪ್ಪ ಫೌಂಡ್ರಿಯಲ್ಲಿ ಕೆಲಸಗಾರ. ಮಗಳಿಗೆ ತಂದುಕೊಟ್ಟ ಮೊದಲ ಬೂಟು ಎರಡು ಸೈಜ್ ದೊಡ್ಡದು. ತುದಿಗೆ ಹಳೆ ಬಟ್ಟೆ ತುರುಕಿಕೊಂಡು ಆಡಿದಳು... ಆ ವರ್ಷ ಶಾಲೆಗೆ ಹದಿನೇಳು ಗೋಲು.

ಹದಿನಾರಕ್ಕೆ ಜಿಲ್ಲಾ ತಂಡ. ಹತ್ತೊಂಬತ್ತಕ್ಕೆ ರಾಜ್ಯ ತಂಡ. ಇಪ್ಪತ್ತೊಂದಕ್ಕೆ ಕ್ಯಾಪ್ಟನ್.

ಅವಳ ಎಡಗಾಲಿಗೆ ಚೆಂಡು ಸಿಕ್ಕಿತೆಂದರೆ ಎದುರಿನ ಗೋಲ್‌ಕೀಪರ್ ಮನೆದೇವರನ್ನು ನೆನೆಯುತ್ತಿದ್ದಳು.

ಆಮೇಲೆ ಒಂದು ಸೆಮಿಫೈನಲ್... ಯಾರೂ ತಳ್ಳಲಿಲ್ಲ, ಯಾರೂ ಮುಟ್ಟಲಿಲ್ಲ. ಓಡುತ್ತ ತಿರುಗುವಾಗ ಎಡಮಂಡಿಯೊಳಗೆ ‘ಟಪ್’ ಅಂತ ಒಂದು ಸದ್ದು. ಅಷ್ಟೇ.

ಆಪರೇಷನ್ ಆಯಿತು. ಹನ್ನೊಂದು ತಿಂಗಳು ಕಳೆಯಿತು. “ಮಂಡಿ ಗಟ್ಟಿ ಆಗೈತಿ, ಇನ್ನ ಆಡಬಹುದು” ಅಂದರು ಡಾಕ್ಟರ್.

ಮಂಡಿ ಒಪ್ಪಿತು... ಬಾಳವ್ವ ಒಪ್ಪಲಿಲ್ಲ.

ಮಂಡಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕ್ಲಬ್ಬಿನ ಪ್ರಾಕ್ಟೀಸ್‌ಗೆ ಬರುವಳು. ಚೆಂಡು ಎಡಕ್ಕೆ ಬಂದರೆ ಒಂದು ಸುತ್ತು ಸುತ್ತಿ ಬಲಗಾಲಿಗೆ ತಂದುಕೊಳ್ಳುವಳು. ಅಷ್ಟು ಹೊತ್ತಿಗೆ ಡಿಫೆಂಡರ್ ಬಂದು, ಚೆಂಡು ಕಸಿದುಕೊಂಡು, ಬೇಕಿದ್ದರೆ ಒಂದು ಕಪ್ ಚಹಾ ಕುಡಿದು ಹೋಗಬಹುದಿತ್ತು...

ಹುಡುಗಿಯರು ಯಾರೂ ಏನೂ ಅನ್ನಲಿಲ್ಲ. ಕ್ಯಾಪ್ಟನ್ ಅಲ್ಲವೇ... ಅಕ್ಕ ಅಲ್ಲವೇ...

ರಾಷ್ಟ್ರೀಯ ಕ್ಯಾಂಪಿನ ಟ್ರಯಲ್ಸ್‌ಗೆ ಕ್ಲಬ್ಬಿನಿಂದ ಹೆಸರು ಕಳಿಸುವ ಕೊನೆಯ ದಿನ ಬಂತು. ಬೆಳಿಗ್ಗೆಯೇ ಅವಳು ಕೋಚ್ ಹಂಜಿ ಸರ್ ಎದುರು ಹೋಗಿ ನಿಂತಳು.

“ಸರ್, ಪಟ್ಟಿಯಾಗಿಂದ ನನ್ನ ಹೆಸರ ಹೊಡದ ಹಾಕ್ರಿ.”

“ಯಾಕವಾ?”

“ನನ್ನ ಆಟ ಮುಗೀತ್ರಿ. ಸಣ್ಣ ಹುಡುಗ್ಯಾರ ಹೋಗ್ಲಿ.”

ಸರ್ ಪಟ್ಟಿ ಮಡಚಿ ಕಿಸೆಗಿಟ್ಟರು. “ಇವತ್ತ ಚೀಟಿ ಮ್ಯಾಚ್ ಐತಿ. ಅದೊಂದ ಆಡು. ಆಮ್ಯಾಲ ನೋಡೂಣು.”

ಗೋಲ್‌ಕೀಪರ್ ರೋಶನ್‌ಬಿ ಅಲ್ಲೇ ಕೂತು ಗ್ಲೌಸ್ ಹಾಕಿಕೊಳ್ಳುತ್ತಿದ್ದಳು. ಈ ಹುಡುಗಿಗೆ ಎರಡು ಕೆಲಸ ಚೆನ್ನಾಗಿ ಬರುತ್ತಿದ್ದವು... ಗೋಲು ತಡೆಯುವುದು, ಮಂದಿಯನ್ನು ಅಣಕಿಸುವುದು. ಹಂಜಿ ಸರ್ ಕೆಮ್ಮಿನಿಂದ ಹಿಡಿದು ರೆಫರಿಯ ನಡಿಗೆಯವರೆಗೆ ಯಾವುದನ್ನೂ ಬಿಟ್ಟವಳಲ್ಲ.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ... ಅನುಮಾನ ಪಡಬೇಕಾಗಿದ್ದೇ ಅಲ್ಲಿ.

ಚೀಟಿ ಮ್ಯಾಚ್ ಆ ಕ್ಲಬ್ಬಿನ ಹಳೆಯ ರೂಢಿ. ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಸರ್ ಅವರ ಬೈಕ್ ಹೆಲ್ಮೆಟ್ಟಿಗೆ ಹಾಕುವುದು. ಯಾರ ಹೆಸರು ಬಂತೋ ಅವರ ಹಾಗೆಯೇ ಆಡಬೇಕು... ಅವರ ಓಟ, ಅವರ ಬೈಗುಳ, ಅವರ ಹುಸಿ ಸುಸ್ತು ಎಲ್ಲ. ಯಾರು ಯಾರಾಗಿದ್ದಾರೆ ಎಂದು ಸರ್ ಹೇಳಬೇಕು.

ಅವತ್ತು ಹನ್ನೆರಡು ಮಂದಿ ಇದ್ದರು. “ಚೀಟಿ ನಾ ಬರೀತೇನ್ರಿ ಸರ್” ಅಂದಳು ರೋಶನ್‌ಬಿ, ಬಲು ವಿನಯದಿಂದ.

ಬಾಳವ್ವ ತನ್ನ ಚೀಟಿ ಬಿಚ್ಚಿದಳು. ತನ್ನದೇ ಹೆಸರು! ‘ಛಲೋ ಆತು, ಬ್ಯಾರೆ ಏನೂ ಮಾಡೋದ ಬ್ಯಾಡ’ ಅಂದುಕೊಂಡಳು.

ಸರ್ ಸೀಟಿ ಊದಿದರು.

ಚೆಂಡು ಒಬ್ಬ ಹುಡುಗಿಯ ಎಡಕ್ಕೆ ಬಂತು. ಅವಳು ಒಂದು ಸುತ್ತು ಸುತ್ತಿ ಬಲಗಾಲಿಗೆ ತಂದುಕೊಂಡಳು.

ಇನ್ನೊಬ್ಬಳು ಕುಂಟುತ್ತ ಓಡಿದಳು. ಮತ್ತೊಬ್ಬಳು ಓಡದೆಯೇ ಎಡಮಂಡಿ ಒತ್ತಿಕೊಂಡು ನಿಂತಳು.

ರೋಶನ್‌ಬಿಯಂತೂ ಮಂಡಿಗೆ ಕಪ್ಪು ಸಾಕ್ಸ್ ಬಿಗಿದುಕೊಂಡು, ಥೇಟ್ ಬಾಳವ್ವನದೇ ದನಿ ತೆಗೆದಳು... “ನನ್ನ ಆಟ ಮುಗೀತ್ರಿ ಸರ್... ಸಣ್ಣ ಹುಡುಗ್ಯಾರ ಹೋಗ್ಲಿ...”

ಹನ್ನೊಂದು ಹುಡುಗಿಯರು. ಹನ್ನೊಂದು ಎಡಗಾಲು. ಒಂದೂ ಚೆಂಡು ಮುಟ್ಟುತ್ತಿಲ್ಲ.

ಬಾಳವ್ವ ನಿಂತಲ್ಲೇ ನಿಂತಳು. ಕಣ್ಣು ತುಂಬಿ ಬಂತು.

“ಎಲ್ಲಾ ಚೀಟಿಯಾಗೂ ನನ್ನ ಹೆಸರ ಬರದೀಯೇನ?”

“ಹೂಂ ಅಕ್ಕಾ. ಹನ್ನೆರಡೂ ನಿಂದ.”

“ನನ್ನ ಕಾಲ ಹೋಗೇತಿ ಅಂತ ನಗಾಡ್ತೀರೇನ?”

ರೋಶನ್‌ಬಿ ಅಣಕಿಸುವುದನ್ನು ನಿಲ್ಲಿಸಿದಳು. ಈಗ ಬಂದದ್ದು ಅವಳ ಸ್ವಂತ ದನಿ.

“ನಿನ್ನ ಕಾಲ ಎಲ್ಲಿ ಹೋಗೇತಿ ಅಕ್ಕಾ? ನಾವು ಹನ್ನೊಂದ ಮಂದಿ ಛಲೋ ಕಾಲ ಇಟ್ಕೊಂಡ ಕುಂಟಾಕತ್ತೇವಿ... ನೀ ಹನ್ನೆರಡನೇದಾಕಿ.”

ಹೇಳಿದವಳೇ ಹಿಂದೆ ಹೋಗಿ ಗೋಲಿನಲ್ಲಿ ನಿಂತಳು. ಯಾರೋ ಚೆಂಡನ್ನು ಬಾಳವ್ವನ ಎಡಕ್ಕೆ ಉರುಳಿಸಿದರು.

ಸುತ್ತು ಹಾಕುವಷ್ಟು ತಾಳ್ಮೆ ಅವಳಿಗೆ ಉಳಿದಿರಲಿಲ್ಲ. ಸಿಟ್ಟು ಮಂಡಿಯ ಅಪ್ಪಣೆ ಕೇಳುವುದಿಲ್ಲ...

ಎಡಗಾಲು ಬೀಸಿತು. ರೋಶನ್‌ಬಿ ಈ ಸಲ ನಿಜವಾಗಿಯೇ ಹಾರಿದಳು. ಅವಳು ನೆಲಕ್ಕೆ ಬೀಳುವಷ್ಟರಲ್ಲಿ ಚೆಂಡು ಬಲೆಯ ಮೇಲಿನ ಮೂಲೆಯಲ್ಲಿತ್ತು.



ಬಾಳವ್ವ ಮೆಲ್ಲಗೆ ಕೆಳಗೆ ನೋಡಿದಳು. ಮಂಡಿ ಇದ್ದಲ್ಲೇ ಇತ್ತು. ನೋವು ಮಾತ್ರ ಬಂದಿರಲಿಲ್ಲ.

ಹಂಜಿ ಸರ್ ಕಿಸೆಯಿಂದ ಪಟ್ಟಿ ತೆಗೆದರು. ಪೆನ್ನಿನ ಕ್ಯಾಪ್ ತೆಗೆದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಬಾಳವ್ವನ ಹೆಸರ ಹೊಡೀಬೇಕಾಗಿತ್ತು. ಇಲ್ಲೆ ನೋಡಿದ್ರ ಹನ್ನೆರಡ ಮಂದಿ ಬಾಳವ್ವ ಅದಾರ... ಯಾರದ ಹೊಡೀಲಿ?”

“ಈ ಹನ್ನೊಂದ ಮಂಗ್ಯಾಗೋಳದ ಹೊಡೀರಿ ಸರ್... ನಂದ ಬಿಡ್ರಿ!”

ಹುಡುಗಿಯರು ಹೋ ಎಂದು ನಕ್ಕರು. ಕೆಮ್ಮು ಬಂದವರಂತೆ ಸರ್ ಆ ಕಡೆ ತಿರುಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬಾಳವ್ವ... ಹುಲ್ಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತ.

*ಗಾಯ ಮಾಯ್ದ ಮೇಲೂ ಕುಂಟುವುದು ಕಾಲಲ್ಲ... ಅಭ್ಯಾಸ.*

ಒಮ್ಮೆ ಯೋಚಿಸಿ... ಎಂದೋ ವಾಸಿಯಾದ ಯಾವ ಗಾಯಕ್ಕೆ ನೀವು ಇನ್ನೂ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದೀರಿ?