ಗೆಳೆಯನ ಬೋಲ್ಟು

ಗಾಳಿಗೇ ಸವಾಲು ಹಾಕುವ ಇಬ್ಬರು ಗೆಳೆಯರು ಒಂದೂರಿನಲ್ಲಿದ್ದರಂತೆ. ಇಬ್ಬರಿಗೂ ಬೈಕ್ ರೇಸಿನ ಹುಚ್ಚು. ಒಬ್ಬನದು ಗ್ಯಾರೇಜು. ಓಟದಲ್ಲಿ ಬೋಲ್ಟು ಅದುರಿ ಸಡಿಲವಾಗದಂತೆ, ಅದರ ತಲೆಗೆ ತೂತು ಕೊರೆದು ತಂತಿ ಪೋಣಿಸಿ ಬಿಗಿಯುವುದನ್ನು ಅವನು ಹೆಂಡತಿಗೂ ಕಲಿಸಿದ್ದ. ಒಂದು ರೇಸಿನಲ್ಲಿ, ಯಾರದೋ ಬೈಕಿನಿಂದ ಚೆಲ್ಲಿದ ಆಯಿಲಿನ ಮೇಲೆ ಗಾಲಿ ಜಾರಿ ಅವನು ತೀರಿಕೊಂಡ.

ಮುಚ್ಚಿದ್ದ ಗ್ಯಾರೇಜಿನ ಮುಂದೆ ಗೆಳೆಯ ತನ್ನ ಬೈಕು ತಂದು ನಿಲ್ಲಿಸಿದ.

“ಅತ್ತಿಗೆ, ಇಂಜಿನ್ ಆಯಿಲ್ ಸೋರದಂತೆ ತಡೆಯೋ ಈ ಬೋಲ್ಟಿಗೆ ತೂತು ಹಾಕಿ ತಂತಿ ಕಟ್ಟಿಕೊಡ್ತೀರಾ?”

“ಇನ್ನೂ ರೇಸಿಗೆ ಹೋಗ್ತೀಯಾ?”

“ಇಲ್ಲ, ಬೈಕ್ ಮಾರ್ತಿದೀನಿ. ಇನ್ಯಾರೋ ಓಡಿಸ್ತಾರಲ್ಲ.”

“ಬೇರೆ ಗ್ಯಾರೇಜ್ ಸಿಗಲಿಲ್ವಾ?”

“ಅವನೇ ಮಾಡಿಕೊಡ್ತೀನಿ ಅಂದಿದ್ದ ಅತ್ತಿಗೆ. ಇದೊಂದು ರೇಸ್ ಹೀಗೇ ಓಡಿಸು, ಬಂದ್ಮೇಲೆ ಹಾಕೋಣ ಅಂದ.”

ಗಂಡನ ಮಾತು ಅರ್ಧಕ್ಕೆ ನಿಲ್ಲುವುದು ಅವಳಿಗೆ ಬೇಕಿರಲಿಲ್ಲ. ಬೋಲ್ಟನ್ನು ಮೇಜಿನ ವೈಸ್ ಇಕ್ಕಳಕ್ಕೆ ಕಚ್ಚಿಸಿ ಮೆಲ್ಲನೆ ಕೊರೆಯತೊಡಗಿದಳು.

“ಅವನಾಗಿದ್ರೆ ಇಷ್ಟೊತ್ತಿಗೆ ಎರಡು ಡ್ರಿಲ್ ಬಿಟ್ ಮುರಿದು, ನನ್ನನ್ನೇ ಬಯ್ತಿದ್ದ,” ಎಂದ.

ಅವಳು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ತೂತು ಬಿದ್ದ ಬೋಲ್ಟನ್ನು ಬೈಕಿಗೆ ಬಿಗಿದು ತಂತಿ ಪೋಣಿಸುವಾಗ ಕೇಳಿದಳು:

“ಇದು ಹೊಸ ಬೋಲ್ಟು. ಹಳೇದೆಲ್ಲಿ?”

ಅವನು ತಲೆ ತಗ್ಗಿಸಿದ.

“ಅವತ್ತು ಟ್ರ್ಯಾಕಲ್ಲೇ ಕಳಚಿಬಿತ್ತು ಅತ್ತಿಗೆ. ಅವನು ನನ್ನ ಹಿಂದೇನೇ ಬರ್ತಿದ್ದ.”

ಅವಳ ಕೈ ನಿಂತಿತು. ಆಮೇಲೆ ತಂತಿಗೆ ಕೊನೆಯ ಸುತ್ತು ಕೊಟ್ಟು, ತುದಿ ಕತ್ತರಿಸಿದಳು.